ಬಸವನಗುಡಿಯಲ್ಲಿ ಕೂತು ಹೂಡಿಯ ಸರ್ವರಿಗೆ ಸಿಡಿ ಹಾಕಿದ ಭಾನುವಾರ

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೇಷ್ಟ್ರ ಫೋನ್ ಬಂತು. "ಏನಪ್ಪಾ, ನಮ್ಮ ಸೈಟ್ ತೆಗೀತಾನೇ ಇಲ್ವಲ್ಲ? ರಾತ್ರಿ ಹಾಕಿದ ಸಂಚಿಕೆ ಸರಿಯಾಗಿ ಕೂತಿದೆಯಾ ನೋಡೋಣ ಅಂತಿದ್ದೆ."

"ನೋಡ್ತೀನಿ ಸರ್, ಹತ್ತು ನಿಮಿಷ ಕೊಡಿ" ಅಂದೆ. ಕೆಲಸ ಮುಗಿದದ್ದು ಸಂಜೆ ನಾಲ್ಕಕ್ಕೆ. ಆ ದಿನ ಏನೇನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ಯಾವ ಕಮಾಂಡ್ ಕೈ ಹಿಡಿಯಿತು ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಮಾಂಡುಗಳನ್ನು ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಮಾಮೂಲಿನಂತೆ ಇಂಗ್ಲಿಷಿನಲ್ಲಿ ಹೊಡೆಯಿರಿ, ಹೆಚ್ಚಿನವು ಸಣ್ಣಕ್ಷರ.

ನಾವು ಐದಾರು ಜನ ಸೇರಿ ಹಳೇ ಕನ್ನಡ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇವೆ. ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು. ಪ್ರತಿ ಸಂಚಿಕೆಯ ಪ್ರತಿ ಲೇಖನದ ಹೆಸರು, ಬರೆದವರು, ಪುಟ, ವಿಷಯ ಎಲ್ಲವನ್ನೂ ಅವರೇ ಕೂತು ತುಂಬುತ್ತಾರೆ. ನಾಲ್ಕು ವರ್ಷದಿಂದ ದಿನಾ ಎರಡು ಗಂಟೆ. ಸ್ಕ್ಯಾನ್ ಹೋದರೆ ಪತ್ರಿಕೆ ತಂದು ಮತ್ತೆ ಮಾಡಬಹುದು. ಮೇಷ್ಟ್ರ ನಾಲ್ಕು ವರ್ಷವನ್ನು ಮತ್ತೆ ತರೋಕಾಗಲ್ಲ. ಅದಷ್ಟೂ ಇರುವುದು ಒಂದೇ ಒಂದು ಎಸ್‌ಕ್ಯುಲೈಟ್ ಡೇಟಾಬೇಸ್ ಫೈಲಿನಲ್ಲಿ. ಆ ದಿನ ನನ್ನ ಎದೆ ಹೊಡೆದುಕೊಂಡದ್ದು ಆ ಫೈಲಿಗಾಗಿ.

ಸರ್ವರ್ ಇರುವುದು ಹೂಡಿ ಹತ್ತಿರ ಒಂದು ಡೇಟಾ ಸೆಂಟರಿನಲ್ಲಿ. ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್630, ಡೆಬಿಯನ್ ಲಿನಕ್ಸ್ ಓಡುತ್ತದೆ. ಅದರ ಕೆಳಗೆ ಅದೇ ರ್ಯಾಕಿನಲ್ಲಿ ಒಂದು ಚಿಕ್ಕ ಪಿಸಿ ಇದೆ, ಅದನ್ನು ನಾವು ಬ್ಯಾಕಪ್ ಡಬ್ಬಿ ಅಂತೀವಿ. ನಾನಿರುವುದು ಬಸವನಗುಡಿ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಿಸಿದರೆ ಹೂಡಿಗೆ ಹೋಗಬಹುದು. ದೂರ ಸಮಸ್ಯೆಯಲ್ಲ. ಭಾನುವಾರ ಒಳಗೆ ಹೋಗಬೇಕಾದರೆ ಹಿಂದಿನ ದಿನವೇ ಹೆಸರು ಕೊಟ್ಟಿರಬೇಕು, ನಾನು ಕೊಟ್ಟಿರಲಿಲ್ಲ. ಕೂತಲ್ಲಿಂದಲೇ ಆಗಬೇಕಿತ್ತು.

ಮೊದಲ ಕೆಲಸ ಐಡ್ರ್ಯಾಕ್‌ಗೆ ಹೋಗುವುದು. ಗೊತ್ತಿಲ್ಲದವರಿಗೆ ಒಂದು ಮಾತು: ಇಂಥ ಸರ್ವರುಗಳ ಒಳಗೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಬೇರೆ ನೆಟ್‌ವರ್ಕ್ ಪೋರ್ಟು, ಬೇರೆ ಐಪಿ. ದೊಡ್ಡ ಸರ್ವರ್ ಆಫ್ ಆಗಿದ್ದರೂ ಗೋಡೆಯಿಂದ ಕರೆಂಟ್ ಬರುತ್ತಿದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಆನ್ ಆಫ್ ಮಾಡಬಹುದು, ಪರದೆ ನೋಡಬಹುದು, ಇಲ್ಲದ ಸಿಡಿ ಡ್ರೈವನ್ನು ಇದೆ ಎಂದು ಸರ್ವರಿಗೆ ತೋರಿಸಬಹುದು. ಡೆಲ್‌ನಲ್ಲಿ ಅದು ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ. ಒಟ್ಟಾಗಿ ಬಿಎಂಸಿ ಅಂತಾರೆ. ಇದನ್ನು ಯಾವತ್ತೂ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ನಮ್ಮದು ರ್ಯಾಕಿನ ಒಳಜಾಲದಲ್ಲಿದೆ. ಬ್ಯಾಕಪ್ ಡಬ್ಬಿಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಅದರ ಟರ್ಮಿನಲ್ ತೆರೆದು), ಅಲ್ಲಿಂದ ಐಡ್ರ್ಯಾಕ್‌ಗೆ ಜಿಗಿಯುತ್ತೇನೆ.

"ರ್ಯಾಕ್‌ಆಡಮ್ ಗೆಟ್‌ಸೆಲ್" ಅಂದೆ. ಯಂತ್ರದ ದಿನಚರಿ ಬಂತು. ಬೆಳಗಿನ ಜಾವ 4.50ಕ್ಕೆ ಎರಡೂ ಪವರ್ ಸಪ್ಲೈಗೆ ಕರೆಂಟ್ ನಿಂತಿದೆ. ಆರು ನಿಮಿಷ ಬಿಟ್ಟು ಬಂದಿದೆ. ರ್ಯಾಕಿನಲ್ಲಿ ಎರಡು ಪವರ್ ಪಟ್ಟಿಗಳಿವೆ. ಸರ್ವರಿನ ಎರಡೂ ಕೇಬಲನ್ನು ನಾನು ಒಂದೇ ಪಟ್ಟಿಗೆ ಚುಚ್ಚಿದ್ದೆ, ಆ ಪಟ್ಟಿ ಟ್ರಿಪ್ ಆಗಿತ್ತು. ಬ್ಯಾಕಪ್ ಡಬ್ಬಿ ಇನ್ನೊಂದು ಪಟ್ಟಿಯಲ್ಲಿದ್ದುದರಿಂದ ಉಳಿಯಿತು.

ಪರದೆ ನೋಡಲು "ಕನ್ಸೋಲ್ ಕಾಮ್2" ಹೊಡೆದೆ. ಲಿನಕ್ಸಿನ ಬೂಟ್ ಸಾಲಿಗೆ ಸೀರಿಯಲ್ ಕನ್ಸೋಲನ್ನು ಮುಂಚೆಯೇ ಸೇರಿಸಿದ್ದರಿಂದ ಅಕ್ಷರಗಳು ಟರ್ಮಿನಲ್ಲಿಗೇ ಬಂದವು. ಸರ್ವರ್ ಬೂಟ್ ಮುಗಿಸಲಾಗದೆ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ತುರ್ತು ಪ್ರಾಂಪ್ಟಿನಲ್ಲಿ ನಿಂತಿತ್ತು. ರೂಟ್ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಮುಖ್ಯ ವ್ಯವಸ್ಥೆ) ಕೆಟ್ಟಿದೆ, ನೀನೇ ಎಫ್‌ಎಸ್‌ಸಿಕೆ ಓಡಿಸು ಅನ್ನುತ್ತಿತ್ತು.

ಬರೀ ಕರೆಂಟ್ ಹೋದರೆ ನಮ್ಮ ಫೈಲ್‌ಸಿಸ್ಟಮ್ ಎಕ್ಸ್‌ಟಿ4 ಇಷ್ಟು ಕೆಡುವುದಿಲ್ಲ. ಅದಕ್ಕೆ ಜರ್ನಲ್ ಇದೆ, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಪುಸ್ತಕ. ಕಾರಣ ಬೇರೆ ಇತ್ತು. ಡಿಸ್ಕುಗಳನ್ನು ನೋಡಿಕೊಳ್ಳುವ ರೇಡ್ ಕಾರ್ಡಿನ ಬ್ಯಾಟರಿ ಸತ್ತು ತಿಂಗಳಾಗಿತ್ತು. ಬ್ಯಾಟರಿ ಸತ್ತಾಗ ಕಾರ್ಡು ತಾನಾಗಿ ರೈಟ್-ಥ್ರೂಗೆ ಇಳಿಯುತ್ತದೆ, ಅಂದರೆ ಬರೆದದ್ದು ಡಿಸ್ಕಿಗೆ ಮುಟ್ಟಿದ ಮೇಲಷ್ಟೇ "ಆಯ್ತು" ಅನ್ನುತ್ತದೆ. ಆಗ ಸೈಟ್ ನಿಧಾನ ಆಯಿತು ಅಂತ ನಾನು ರೈಟ್-ಬ್ಯಾಕನ್ನು (ಕ್ಯಾಶೆಗೆ ಬಂದರೆ ಸಾಕು, "ಆಯ್ತು" ಅನ್ನುವುದು) ಬಲವಂತವಾಗಿ ಆನ್ ಮಾಡಿದ್ದೆ. ಕಾರ್ಡಿನ ಕ್ಯಾಶೆಯಲ್ಲಿ ಕೂತಿದ್ದ ಬರಹ ಡಿಸ್ಕಿಗೆ ಹೋಗುವ ಮುಂಚೆ ಕರೆಂಟ್ ಹೋಯಿತು. ಜರ್ನಲ್ಲೇ ಅರ್ಧಂಬರ್ಧ ಆದರೆ ಅದು ಯಾರನ್ನು ಕಾಪಾಡೀತು?

ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟಿನಲ್ಲೇ ಎಫ್‌ಎಸ್‌ಸಿಕೆ ಓಡಿಸಬಹುದಿತ್ತು. ಎರಡು ನಿಮಿಷದ ಕೆಲಸ. ನಾನು ಓಡಿಸಲಿಲ್ಲ. ಎಫ್‌ಎಸ್‌ಸಿಕೆ ಫೈಲ್‌ಸಿಸ್ಟಮನ್ನು ಸರಿಪಡಿಸುತ್ತದೆಯೇ ಹೊರತು ಫೈಲನ್ನಲ್ಲ. ಲೆಕ್ಕ ತಾಳೆಯಾಗದ ಕೊಂಡಿಗಳನ್ನು ಕತ್ತರಿಸುತ್ತದೆ. ಒಮ್ಮೆ ಕತ್ತರಿಸಿದರೆ ವಾಪಸ್ ಇಲ್ಲ. ಮೇಷ್ಟ್ರ ಪಟ್ಟಿ ಆ ಕತ್ತರಿಗೆ ಸಿಕ್ಕಿದರೆ? ಮೊದಲು ಇಡೀ ಪಾರ್ಟಿಶನ್ನಿನ ನಕಲು ಎತ್ತಬೇಕು, ಆಮೇಲೆ ರಿಪೇರಿ. ಅದಕ್ಕೆ ಪೂರ್ತಿ ಸಲಕರಣೆ ಇರುವ ರೆಸ್ಕ್ಯೂ ಲಿನಕ್ಸ್ ಬೇಕು. ನಾನು ಬಳಸುವುದು ಸಿಸ್ಟಮ್‌ರೆಸ್ಕ್ಯೂ. ಅದರ ಐಎಸ್‌ಒ (ಇಡೀ ಸಿಡಿಯೇ ಒಂದು ಫೈಲಾಗಿ) ನನ್ನ ಲ್ಯಾಪ್‌ಟಾಪಿನಲ್ಲಿತ್ತು.

ಇಲ್ಲೇ ಮೊದಲ ತಪ್ಪು ಹೆಜ್ಜೆ ಇಟ್ಟೆ. ಬ್ರೌಸರಿನಲ್ಲಿ ಐಡ್ರ್ಯಾಕ್‌ನ ವರ್ಚುವಲ್ ಕನ್ಸೋಲ್ ತೆರೆದು, ಲ್ಯಾಪ್‌ಟಾಪಿನ ಐಎಸ್‌ಒವನ್ನೇ ಸಿಡಿ ಅಂತ ಜೋಡಿಸಿ ಬೂಟ್ ಮಾಡಿದೆ. ಲೋಗೋ ಬಂತು, ಕರ್ನಲ್ ಓದಲು ಶುರುವಾಯಿತು. ಆಮೇಲೆ ಬರೀ ಕಾಯುವುದು. ಇಪ್ಪತ್ತು ನಿಮಿಷ ಕಾದೆ.

ಯಾಕೆ ಅಂತ ಆಗ ಲೆಕ್ಕ ಹಾಕಿದೆ. ಈ ರೀತಿ ಜೋಡಿಸಿದಾಗ ಐಎಸ್‌ಒ ಹೂಡಿಗೆ ಹೋಗಿ ಕೂರುವುದಿಲ್ಲ. ಅದು ಬಸವನಗುಡಿಯಲ್ಲೇ ಇರುತ್ತದೆ. ಸರ್ವರ್ ಒಂದೊಂದು ತುಣುಕು ಕೇಳಿದಾಗಲೂ ಕೇಳಿಕೆ ಇಲ್ಲಿಗೆ ಬಂದು, ತುಣುಕು ನನ್ನ ಮನೆಯ ಅಪ್‌ಲೋಡಿನಲ್ಲಿ ಅಲ್ಲಿಗೆ ಹೋಗಬೇಕು. ನನ್ನ ಅಪ್‌ಲೋಡ್ 20 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿ. ಒಂದು ಜಿಬಿಗೆ ಎಲ್ಲ ಸರಿಯಿದ್ದರೂ 400 ಸೆಕೆಂಡ್. ಆದರೆ ಸಿಡಿ ಓದುವುದು ನೀರು ಹರಿದ ಹಾಗಲ್ಲ, ಬಾವಿಯಿಂದ ಕೊಡದಲ್ಲಿ ಸೇದಿದ ಹಾಗೆ. ಒಂದು ಕೊಡ ಮೇಲೆ ಬಂದ ಮೇಲೆ ಇನ್ನೊಂದು. ಹೋಗಿ ಬರಲು 20 ಮಿಲಿಸೆಕೆಂಡ್, ಒಂದು ಕೊಡಕ್ಕೆ 32 ಕೆಬಿ ಅಂತ ಇಟ್ಟುಕೊಂಡರೆ ಸೆಕೆಂಡಿಗೆ 50 ಕೊಡ, 1.6 ಎಂಬಿ. ತುಣುಕು ಇನ್ನೂ ಚಿಕ್ಕದಾದರೆ ವೇಗ ಇನ್ನೂ ಕಡಿಮೆ. ಲೈನ್ ಎಷ್ಟೇ ದಪ್ಪ ಇರಲಿ, ದೂರವೇ ವೇಗವನ್ನು ತಿನ್ನುತ್ತದೆ.

ಇಪ್ಪತ್ತೆರಡನೇ ನಿಮಿಷಕ್ಕೆ ನಮ್ಮ ಬೀದಿಯಲ್ಲಿ ಕರೆಂಟ್ ಒಮ್ಮೆ ಮಿಣುಕಿತು. ರೂಟರ್ ರೀಸ್ಟಾರ್ಟ್ ಆಯಿತು. ಸರ್ವರಿನ ದೃಷ್ಟಿಯಲ್ಲಿ ಯಾರೋ ಓಡುತ್ತಿದ್ದ ಸಿಡಿಯನ್ನು ಕಿತ್ತುಕೊಂಡರು. ಪರದೆ ತುಂಬಾ ಸ್ಕ್ವಾಶ್‌ಎಫ್‌ಎಸ್ ಎರರ್.

ಇಮೇಜ್ ಇರಬೇಕಾದದ್ದು ಸರ್ವರಿನ ಪಕ್ಕದಲ್ಲಿ, ನನ್ನ ಪಕ್ಕದಲ್ಲಲ್ಲ. ನನ್ನ ಮನೆಯಿಂದ ಹೋಗಬೇಕಾದದ್ದು ನಾಲ್ಕು ಸಾಲು ಕಮಾಂಡ್ ಮಾತ್ರ. ಇಷ್ಟು ಹೊಳೆಯಲು ಬೆಳಿಗ್ಗೆ ಒಂಬತ್ತಾಯಿತು. ಉಳಿದ ದಿನವೆಲ್ಲ ನಡೆದದ್ದು ಇದರ ಮೇಲೆಯೇ.

ಬ್ಯಾಕಪ್ ಡಬ್ಬಿಯಲ್ಲೇ ಕೂತು ಐಎಸ್‌ಒವನ್ನು ನೇರ ಇಳಿಸಿಕೊಂಡೆ. ಡೇಟಾ ಸೆಂಟರಿನ ಲೈನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಚೆಕ್‌ಸಮ್ ತಾಳೆ ನೋಡಿದೆ. ಇದನ್ನು ಬಿಡಬೇಡಿ, ಅರ್ಧ ಇಳಿದ ಐಎಸ್‌ಒ ಬೂಟ್ ಆಗಿ ಅರ್ಧ ದಾರಿಯಲ್ಲಿ ಕೈಕೊಟ್ಟರೆ ತಪ್ಪು ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಆಮೇಲೆ ಸಿಸ್ಟಮ್‌ರೆಸ್ಕ್ಯೂ ಜೊತೆ ಬರುವ ಕಸ್ಟಮೈಸ್ ಸ್ಕ್ರಿಪ್ಟಿನಿಂದ ಐಎಸ್‌ಒ ಒಳಗೆ ಸೆಟ್ಟಿಂಗ್ ಬರೆದ ಒಂದು ಪುಟ್ಟ ಯಾಮಲ್ ಫೈಲ್ ಸೇರಿಸಿದೆ. ಅದರಲ್ಲಿ ಮೂರು ಮಾತು. ರೂಟ್ ಪಾಸ್‌ವರ್ಡ್ ಇದು. "ನೋಫೈರ್‌ವಾಲ್", ಇಲ್ಲದಿದ್ದರೆ ರೆಸ್ಕ್ಯೂ ಲಿನಕ್ಸ್ ಹೊರಗಿನಿಂದ ಬರುವ ಎಸ್‌ಎಸ್‌ಎಚ್ ಅನ್ನು ಒಳಗೆ ಬಿಡುವುದಿಲ್ಲ. ಮತ್ತೆ "ಕಾಪಿಟುರಾಮ್". ಈ ಮೂರನೆಯದು ಬಂಗಾರ. ಬೂಟ್ ಆಗುವಾಗಲೇ ಇಡೀ ಸಿಸ್ಟಮ್ ರಾಮ್‌ಗೆ ನಕಲಾಗುತ್ತದೆ. ಆಮೇಲೆ ಸಿಡಿ ಕಿತ್ತರೂ ಏನೂ ಆಗಲ್ಲ.

ಇನ್ನು ಆ ಐಎಸ್‌ಒವನ್ನು ಐಡ್ರ್ಯಾಕ್ ತಾನೇ ಎತ್ತಿಕೊಳ್ಳುವಂತೆ ಹಂಚಬೇಕು. ನಮ್ಮ ಐಡ್ರ್ಯಾಕ್ 8ಕ್ಕೆ ಎನ್‌ಎಫ್‌ಎಸ್ (ಲಿನಕ್ಸ್ ಲೋಕದ ಫೈಲ್ ಹಂಚಿಕೆ) ಅಥವಾ ವಿಂಡೋಸ್ ರೀತಿಯ ಹಂಚಿಕೆ (ಎಸ್‌ಎಂಬಿ) ಬೇಕು. ಹೊಸ ತಲೆಮಾರಿನದಕ್ಕೆ ಎಚ್‌ಟಿಟಿಪಿ ಕೊಂಡಿ ಕೊಟ್ಟರೂ ನಡೆಯುತ್ತದೆ. ಇದಕ್ಕೆ ಐಡ್ರ್ಯಾಕ್‌ನ ಎಂಟರ್‌ಪ್ರೈಸ್ ಲೈಸೆನ್ಸ್ ಇರಬೇಕು. ನಮ್ಮ ಯಂತ್ರದಲ್ಲಿ ಹಿಂದಿನ ಮಾಲೀಕರ ಕಾಲದಿಂದಲೇ ಇತ್ತು. ನಾನು ಎನ್‌ಎಫ್‌ಎಸ್ ಆರಿಸಿಕೊಂಡೆ. ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಒಂದು ಸಾಲು: ಐಎಸ್‌ಒ ಇರುವ ಫೋಲ್ಡರ್, ಐಡ್ರ್ಯಾಕ್‌ನ ಐಪಿ ಒಂದಕ್ಕೇ, ಓದಲು ಮಾತ್ರ. ಐಡ್ರ್ಯಾಕ್‌ಗೆ ಬಂದು ಹೊಡೆದೆ:

ರ್ಯಾಕ್‌ಆಡಮ್ ರಿಮೋಟ್‌ಇಮೇಜ್ -ಸಿ -ಎಲ್ 10.20.0.5:/ಎಸ್‌ಆರ್‌ವಿ/ಐಎಸ್‌ಒ/ರೆಸ್ಕ್ಯೂ.ಐಎಸ್‌ಒ

ಸಿ ಅಂದರೆ ಕನೆಕ್ಟ್, ಎಲ್ ಅಂದರೆ ಜಾಗ, 10.20.0.5 ನಮ್ಮ ಡಬ್ಬಿಯ ಐಪಿ. ವಿಂಡೋಸ್ ರೀತಿಯ ಹಂಚಿಕೆಯಾದರೆ ಹೆಸರಿಗೆ -ಯು, ಪಾಸ್‌ವರ್ಡಿಗೆ -ಪಿ ಸೇರಿಸಿ, ಜಾಗವನ್ನು ಎರಡು ಓರೆಗೆರೆಯಿಂದ ಶುರು ಮಾಡಬೇಕು.

ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲ್ಲ ಅಂತು. ಯಾಕೆ ಅಂತ ಹೇಳಲಿಲ್ಲ.

ಇಂಥಾ ಹೊತ್ತಲ್ಲಿ ಊಹಿಸುತ್ತಾ ಕೂರಬಾರದು, ತಂತಿಯನ್ನೇ ನೋಡಬೇಕು. ಡಬ್ಬಿಯಲ್ಲಿ ಟಿಸಿಪಿಡಂಪ್ ಹಚ್ಚಿ, ಐಡ್ರ್ಯಾಕ್‌ನ ಐಪಿಯಿಂದ ಏನು ಬರುತ್ತಿದೆ ನೋಡಿದೆ. ಅದು ಪಾಪ 111ನೇ ಪೋರ್ಟನ್ನು ಬಡಿಯುತ್ತಿತ್ತು, ಮತ್ತೆ ಮತ್ತೆ. ಒಳಗಿನಿಂದ ಉತ್ತರವಿಲ್ಲ. ಆಗ ಅರ್ಥವಾಯಿತು. ನಾನು ಫೈರ್‌ವಾಲಿನಲ್ಲಿ 2049 ಒಂದನ್ನೇ ತೆರೆದಿದ್ದೆ. ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿಗೆ ಅಷ್ಟು ಸಾಕು. ನಮ್ಮ ಐಡ್ರ್ಯಾಕ್ ಕೇಳುತ್ತಿರುವುದು ಮೂರನೇ ಆವೃತ್ತಿ. ಅದು ಮೊದಲು 111ಕ್ಕೆ ಹೋಗಿ "ಮೌಂಟ್‌ಡಿ ಯಾವ ಬಾಗಿಲಲ್ಲಿದೆ?" ಅಂತ ವಿಚಾರಿಸುತ್ತದೆ. ಮೌಂಟ್ (ಹಂಚಿಕೆಯನ್ನು ಜೋಡಿಸಿಕೊಳ್ಳುವ) ಕೋರಿಕೆ ನೋಡಿಕೊಳ್ಳುವ ಆ ಮೌಂಟ್‌ಡಿ ಪ್ರತಿ ಸಲ ಶುರುವಾದಾಗಲೂ ಬೇರೆ ಬೇರೆ ಪೋರ್ಟಿನಲ್ಲಿ ಕೂರಬಹುದು. ಎನ್‌ಎಫ್‌ಎಸ್ ಡಾಟ್ ಕಾನ್ಫ್‌ನಲ್ಲಿ ಮೌಂಟ್‌ಡಿಗೆ 20048 ಅಂತ ಖಾಯಂ ಜಾಗ ಕೊಟ್ಟೆ. 111, 2049, 20048 ಮೂರನ್ನೂ ಐಡ್ರ್ಯಾಕ್‌ನ ಐಪಿಗೆ ಮಾತ್ರ ತೆರೆದೆ.

ಮತ್ತೆ ಹೊಡೆದೆ. ಮತ್ತೆ ಆಗಲ್ಲ ಅಂತು. ಆದರೆ ಈ ಸಲ ಡಬ್ಬಿಯ ಲಾಗಿನಲ್ಲಿ ಮೌಂಟ್‌ಡಿ "ಐಡ್ರ್ಯಾಕ್‌ನ ಮೌಂಟ್ ಕೋರಿಕೆ ಒಪ್ಪಿದ್ದೇನೆ" ಅಂತ ಬರೆದಿತ್ತು. ಬಾಗಿಲು ತೆರೆದಿದೆ, ಒಳಗೂ ಬಂದಿದೆ, ಫೈಲ್ ಮಾತ್ರ ಓದಲಾಗುತ್ತಿಲ್ಲ. ಎಲ್‌ಎಸ್ -ಎಲ್ ಮಾಡಿದರೆ ಐಎಸ್‌ಒ ರೂಟ್‌ನ (ಯಂತ್ರದ ಯಜಮಾನ ಖಾತೆಯ) ಹೆಸರಲ್ಲಿ, ಬೇರೆ ಯಾರೂ ಓದಲಾಗದ 600 ಅನುಮತಿಯಲ್ಲಿ ಕೂತಿತ್ತು. ಎನ್‌ಎಫ್‌ಎಸ್ ಹೊರಗಿನಿಂದ ಬರುವ ರೂಟನ್ನು ರೂಟ್ ಅಂತ ನಂಬುವುದಿಲ್ಲ, ಯಾರೂ ಅಲ್ಲದವನನ್ನಾಗಿ ಮಾಡುತ್ತದೆ. ಅದು ಸರಿಯೇ. ಎಲ್ಲರೂ ಓದುವಂತೆ ಫೈಲಿಗೆ 644, ಫೋಲ್ಡರಿಗೆ 755 ಕೊಟ್ಟೆ. ಮೂರನೇ ಸಲ ತಕ್ಷಣ ಒಪ್ಪಿತು. "ರಿಮೋಟ್‌ಇಮೇಜ್ -ಎಸ್" ಅಂದರೆ ಹಂಚಿಕೆ ಎನೇಬಲ್ಡ್ ಅಂತ, ಕೆಳಗೆ ನಾನು ಕೊಟ್ಟ ದಾರಿ.

ಇಲ್ಲಿ ಇನ್ನೊಂದು ಗುಂಡಿ ಇದೆ. ಐಡ್ರ್ಯಾಕ್‌ಗೆ ಇಮೇಜ್ ಸಿಕ್ಕಿತು ಅಂದ ಮಾತ್ರಕ್ಕೆ ಸರ್ವರಿಗೆ ಸಿಡಿ ಕಾಣುತ್ತದೆ ಅಂತಲ್ಲ. ವರ್ಚುವಲ್ ಮೀಡಿಯಾ ಡಿಟ್ಯಾಚ್ಡ್ ಅಂತಿದ್ದರೆ ಸರ್ವರಿಗೆ ಡ್ರೈವೇ ಕಾಣಲ್ಲ. ಅದಕ್ಕೆ "ರ್ಯಾಕ್‌ಆಡಮ್ ಸೆಟ್ ಐಡ್ರ್ಯಾಕ್.ವರ್ಚುವಲ್‌ಮೀಡಿಯಾ.ಅಟ್ಯಾಚ್ಡ್" ಅನ್ನು ಆಟೋಅಟ್ಯಾಚ್‌ಗೆ ಇಡಬೇಕು. ಆಮೇಲೆ ಐಡ್ರ್ಯಾಕ್.ಸರ್ವರ್‌ಬೂಟ್ ಗುಂಪಿನಲ್ಲಿ ಬೂಟ್‌ಒನ್ಸ್ ಅನ್ನು ಎನೇಬಲ್ ಮಾಡಿ, ಫಸ್ಟ್‌ಬೂಟ್‌ಡಿವೈಸ್‌ಗೆ ವಿಸಿಡಿ-ಡಿವಿಡಿ ಅಂತ ಕೊಡಬೇಕು. ಬೂಟ್‌ಒನ್ಸ್ ಅಂದರೆ ಒಂದೇ ಸಲ ಸಿಡಿಯಿಂದ, ಮುಂದಿನ ಸಲ ಮಾಮೂಲಿನಂತೆ ಡಿಸ್ಕಿನಿಂದ. ಕೊನೆಗೆ "ರ್ಯಾಕ್‌ಆಡಮ್ ಸರ್ವರ್‌ಆಕ್ಷನ್ ಪವರ್‌ಸೈಕಲ್".

ಯಂತ್ರ ತನ್ನ ಪರೀಕ್ಷೆಗಳನ್ನೆಲ್ಲ ಮುಗಿಸಲು ತೆಗೆದುಕೊಂಡ ಹೊತ್ತೇ ಜಾಸ್ತಿ. ಐಎಸ್‌ಒ ರಾಮ್‌ಗೆ ಬರಲು ಐದು ನಿಮಿಷವೂ ಹಿಡಿಯಲಿಲ್ಲ. ಬೆಳಿಗ್ಗೆ ಇಪ್ಪತ್ತೆರಡು ನಿಮಿಷದಲ್ಲಿ ಆಗದ್ದು! ಒಳಜಾಲದಲ್ಲಿ ಐಪಿ ಹಂಚುವುದು ಬ್ಯಾಕಪ್ ಡಬ್ಬಿಯೇ ಆದ್ದರಿಂದ ಹೊಸ ಐಪಿ ಅದರ ಪಟ್ಟಿಯಲ್ಲೇ ಕಂಡಿತು. ಎಸ್‌ಎಸ್‌ಎಚ್ ಮಾಡಿದೆ, ಒಳಗಿದ್ದೆ.

ಬೇರೆ ಕಂಪನಿಯ ಸರ್ವರ್ ಇಟ್ಟುಕೊಂಡವರಿಗೂ ಇದೇ ದಾರಿ, ಮಾತು ಮಾತ್ರ ಬೇರೆ. ಐಎಲ್‌ಒಗೆ ಎಸ್‌ಎಸ್‌ಎಚ್ ಮಾಡಿ "ವಿಎಂ ಸಿಡಿರಾಮ್ ಇನ್ಸರ್ಟ್" ಅಂತ ಎಚ್‌ಟಿಟಿಪಿ ಕೊಂಡಿ ಕೊಟ್ಟು, "ವಿಎಂ ಸಿಡಿರಾಮ್ ಸೆಟ್ ಬೂಟ್_ಒನ್ಸ್" ಅನ್ನಬೇಕು. 2015ರಲ್ಲಿ ಡಿಎಂಟಿಎಫ್ ಸಂಸ್ಥೆ ರೆಡ್‌ಫಿಶ್ ಅನ್ನುವ ಸಮಾನ ಭಾಷೆ ತಂದಿತು. ಅದು ಬರುವ ಯಂತ್ರಗಳಲ್ಲಿ ವೆಬ್ ಕೋರಿಕೆ ಕಳಿಸುವ ಕರ್ಲ್ ಕಮಾಂಡ್ ಒಂದಿದ್ದರೆ ಸಾಕು, ವರ್ಚುವಲ್‌ಮೀಡಿಯಾದ ಇನ್ಸರ್ಟ್‌ಮೀಡಿಯಾಗೆ ಇಮೇಜಿನ ವಿಳಾಸ ಪೋಸ್ಟ್ ಮಾಡಿದರೆ ಆಯಿತು. ಕೆಲವು ಹಳೇ ಬೋರ್ಡುಗಳಿಗೆ ಎಸ್‌ಎಂಬಿ ಮೊದಲ ಆವೃತ್ತಿ ಬಿಟ್ಟು ಬೇರೆ ಬರುವುದಿಲ್ಲ. ಲಿನಕ್ಸಿನಲ್ಲಿ ಎಸ್‌ಎಂಬಿ ಹಂಚುವ ಸಾಂಬಾದಲ್ಲಿ, 2019ರಲ್ಲಿ ಬಂದ 4.11ರಿಂದ ಅದು ತಾನಾಗಿ ಬಂದ್ ಆಗಿರುತ್ತದೆ. ಸಾಂಬಾದಲ್ಲಿ ಸರ್ವರ್ ಮಿನ್ ಪ್ರೋಟೋಕಾಲನ್ನು ಎನ್‌ಟಿ1ಕ್ಕೆ ಇಳಿಸಿದರೆ ಕೆಲಸ ಆಗುತ್ತದೆ. ಕೆಲಸ ಮುಗಿದ ತಕ್ಷಣ ವಾಪಸ್ ಏರಿಸಿ, ಅದು ಭದ್ರವಲ್ಲ.

ಹನ್ನೊಂದು ಗಂಟೆ. ಮೇಷ್ಟ್ರಿಗೆ ಫೋನ್ ಮಾಡಿ "ಸಂಜೆ ತನಕ ಆಗಬಹುದು ಸರ್" ಅಂದೆ. "ನನ್ನ ಪಟ್ಟಿ ಇದೆ ತಾನೇ?" ಅಂದರು. ಇದೆ ಅನ್ನೋಕೆ ಬಾಯಿ ಬರಲಿಲ್ಲ. "ಅದನ್ನೇ ಹುಡುಕ್ತಿದ್ದೀನಿ ಸರ್" ಅಂದೆ.

ರೂಟ್ ಪಾರ್ಟಿಶನ್ 60 ಜಿಬಿ. ಇದ್ದದ್ದನ್ನು ಇದ್ದ ಹಾಗೇ ನಕಲಿಸುವ ಡಿಡಿ ಕಮಾಂಡಿನಿಂದ ಓದಿ ಎಸ್‌ಎಸ್‌ಎಚ್ ಮೂಲಕ ಡಬ್ಬಿಗೆ ಸುರಿದೆ. ಒಂದು ಗಿಗಾಬಿಟ್ ತಂತಿ, ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಓದುವಾಗ ಒಂದೂ ಎರರ್ ಬರಲಿಲ್ಲ. ಡಿಸ್ಕು ಗಟ್ಟಿಯಾಗಿದೆ, ಕೆಟ್ಟದ್ದು ಬರಹ ಮಾತ್ರ.

ಈಗ ಎಫ್‌ಎಸ್‌ಸಿಕೆ ಏನೇನನ್ನು ಕತ್ತರಿಸುತ್ತದೆ ಅಂತ ಮೊದಲೇ ನೋಡಬೇಕು. ಅದನ್ನು ಡಿಸ್ಕಿನ ಮೇಲೂ ಮಾಡಬಾರದು, ಎತ್ತಿದ ನಕಲಿನ ಮೇಲೂ ಮಾಡಬಾರದು. ಇದಕ್ಕೆ ಬಲು ಚೆಂದದ ದಾರಿಯೊಂದಿದೆ. ಮಕ್ಕಳು ಚಿತ್ರದ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಗೀಚುತ್ತಾರಲ್ಲ, ಹಾಗೆ. ಕೆಮು-ಐಎಂಜಿ ಅನ್ನುವ ಡಿಸ್ಕ್ ಇಮೇಜ್ ಸಲಕರಣೆಯಿಂದ ಒಂದು ಖಾಲಿ ಕ್ಯೂಕೌ2 ಫೈಲ್ ಮಾಡಿ, -ಬಿ ಕೊಟ್ಟು ನಕಲನ್ನು ಅದರ ಅಡಿಗಿಡಬೇಕು, ಅಡಿಯದು ರಾ (ಬರೀ ನಕಲು) ಅಂತ -ಎಫ್‌ನಲ್ಲಿ ಹೇಳಬೇಕು. ಈ ಎಫ್ ಮಾತ್ರ ದೊಡ್ಡಕ್ಷರ. ಓದಿದರೆ ಅಡಿಯಿಂದ ಬರುತ್ತದೆ. ಬರೆದರೆ ಮೇಲಿನ ಕಾಗದದಲ್ಲಿ ಮಾತ್ರ ಬೀಳುತ್ತದೆ. 60 ಜಿಬಿಯನ್ನು ಇನ್ನೊಮ್ಮೆ ನಕಲು ಮಾಡುವ ಗೋಜಿಲ್ಲ.

ಈ ಕಾಗದವನ್ನು ರೆಸ್ಕ್ಯೂ ಲಿನಕ್ಸಿಗೆ ಡಿಸ್ಕಿನ ಹಾಗೆ ತೋರಿಸುವುದು ಎನ್‌ಬಿಡಿ. ನೆಟ್‌ವರ್ಕ್ ಬ್ಲಾಕ್ ಡಿವೈಸ್. ಪಾವೆಲ್ ಮಾಹೆಕ್ 1997ರಲ್ಲಿ ಲಿನಕ್ಸಿಗೆ ಬರೆದದ್ದು, ಇವತ್ತಿಗೂ ಕರ್ನಲ್ಲಿನಲ್ಲೇ ಇದೆ. ಫೈಲ್ ಹಂಚಿಕೆ ಅಲ್ಲ, ಡಿಸ್ಕಿನ ಬ್ಲಾಕುಗಳನ್ನೇ ತಂತಿಯ ಮೇಲೆ ಕೊಡುವುದು. ಹಾಗಾಗಿ ಎಫ್‌ಎಸ್‌ಸಿಕೆ ಥರದ ಡಿಸ್ಕ್ ಸಲಕರಣೆಗಳೂ ಅದರ ಮೇಲೆ ಓಡುತ್ತವೆ. ಡಬ್ಬಿಯಲ್ಲಿ "ಕೆಮು-ಎನ್‌ಬಿಡಿ -ಟಿ -ಬಿ 10.20.0.5 -ಪಿ 10809 -ಎಫ್ ಕ್ಯೂಕೌ2" ಅಂತ ಕೊಟ್ಟು ಕೊನೆಗೆ ಫೈಲಿನ ಹೆಸರು. ಇಲ್ಲಿ ಎಫ್ ಸಣ್ಣಕ್ಷರ. -ಟಿ ಇಲ್ಲದಿದ್ದರೆ ಒಂದು ಸಲ ಕಳಚಿದ ಕೂಡಲೇ ಅದು ನಿಂತುಹೋಗುತ್ತದೆ. -ಬಿ ಯಾವ ಐಪಿಯಲ್ಲಿ ಕೂರಬೇಕು ಅನ್ನುವುದು. ಇದನ್ನು ಮರೆಯಬೇಡಿ. ಹೀಗೆ ಓಡಿಸಿದ ಎನ್‌ಬಿಡಿ ಯಾರು ಅಂತ ಕೇಳುವುದಿಲ್ಲ, ಗುಟ್ಟಾಗಿಯೂ ಸಾಗಿಸುವುದಿಲ್ಲ. ಒಳಜಾಲ ಬಿಟ್ಟು ಹೊರಗೆ ತೆರೆದರೆ ನಿಮ್ಮ ಡಿಸ್ಕು ಊರವರ ಡಿಸ್ಕು.

ರೆಸ್ಕ್ಯೂ ಕಡೆ "ಮಾಡ್‌ಪ್ರೋಬ್ ಎನ್‌ಬಿಡಿ ಮ್ಯಾಕ್ಸ್_ಪಾರ್ಟ್=8", ಆಮೇಲೆ "ಎನ್‌ಬಿಡಿ-ಕ್ಲೈಂಟ್ 10.20.0.5 10809 /ಡೆವ್/ಎನ್‌ಬಿಡಿ0". ಎಲ್‌ಎಸ್‌ಬಿಎಲ್‌ಕೆ ಅಂದರೆ 60 ಜಿಬಿಯ ಹೊಸ ಡಿಸ್ಕು ಬಂದು ಕೂತಿತ್ತು. ಅದರ ಮೇಲೆ ಇ2ಎಫ್‌ಎಸ್‌ಸಿಕೆ -ಎಫ್ -ವೈ ಓಡಿಸಿದೆ. ಸಾಲುಗಳು ಓಡಿದವು. ಮುಗಿದ ಮೇಲೆ ಮೌಂಟ್ ಮಾಡಿ, ಕೊಂಡಿ ಕಳೆದ ಫೈಲುಗಳು ಬೀಳುವ ಲಾಸ್ಟ್+ಫೌಂಡ್ ಫೋಲ್ಡರ್ ತೆರೆದೆ. 41 ಫೈಲ್. ಹೆಸರಿಲ್ಲ, ಬರೀ ಹ್ಯಾಶ್ (#) ಚಿಹ್ನೆ ಮತ್ತು ಅಂಕಿ. ಪಟ್ಟಿ ಇರಬೇಕಾದ ಫೋಲ್ಡರಿಗೆ ಹೋದೆ. ಖಾಲಿ.

ಸ್ವಲ್ಪ ಹೊತ್ತು ಹಾಗೇ ಕೂತೆ. ಆಮೇಲೆ 41ನ್ನೂ "ಫೈಲ್" ಕಮಾಂಡಿಗೆ ಕೊಟ್ಟೆ. ಒಂದು ಎಸ್‌ಕ್ಯುಲೈಟ್ ಡೇಟಾಬೇಸ್ ಅಂತ ಬಂತು. ತೆರೆದು ಪ್ರಗ್ಮಾ ಇಂಟೆಗ್ರಿಟಿ_ಚೆಕ್ ಕೇಳಿದರೆ ಪುಟಗಟ್ಟಲೆ ದೋಷ. ಇದನ್ನು ನಂಬುವ ಹಾಗಿಲ್ಲ.

ಉಳಿದದ್ದು ಬ್ಯಾಕಪ್. ಪ್ರತಿ ಶನಿವಾರ ರಾತ್ರಿ ಒಂದು ಗಂಟೆಗೆ ಒಂದು ಸ್ಕ್ರಿಪ್ಟ್ ಸೈಟನ್ನು ನಿಲ್ಲಿಸಿ, ಸಿಂಕ್ ಮಾಡಿ, ಸಿಸ್ಟಮ್ ಡಿಸ್ಕನ್ನು ಪೂರ್ತಿ ಒಂದು ಫೈಲಾಗಿ ಡಬ್ಬಿಗೆ ಎತ್ತುತ್ತದೆ. ಕರೆಂಟ್ ಹೋದದ್ದು ಭಾನುವಾರ 4.50ಕ್ಕೆ. ಬ್ಯಾಕಪ್ಪಿಗೆ ನಾಲ್ಕು ಗಂಟೆಯೂ ಆಗಿರಲಿಲ್ಲ. ಮೇಷ್ಟ್ರು ಸಂಚಿಕೆ ಹಾಕಿದ್ದು ರಾತ್ರಿ ಹತ್ತಕ್ಕೆ. ಅದೂ ಒಳಗಿರಬೇಕು.

ಆ ಇಮೇಜನ್ನು 10810ರಲ್ಲಿ, -ಆರ್ ಕೊಟ್ಟು ಓದಲು ಮಾತ್ರ ಅಂತ ಹಂಚಿದೆ. ಎನ್‌ಬಿಡಿ1 ಅಂತ ಜೋಡಿಸಿದೆ. ಇದು ಇಡೀ ಡಿಸ್ಕಿನ ನಕಲು, ಅದಕ್ಕೇ ಎನ್‌ಬಿಡಿ1ಪಿ1, ಎನ್‌ಬಿಡಿ1ಪಿ2 ಅಂತ ಪಾರ್ಟಿಶನ್ನುಗಳು ಕಂಡವು. ಮ್ಯಾಕ್ಸ್_ಪಾರ್ಟ್ ಕೊಟ್ಟದ್ದು ಇದಕ್ಕೇ. ಅದಿಲ್ಲದಿದ್ದರೆ ಪಾರ್ಟಿಶನ್ ಎಲ್ಲಿಂದ ಶುರು ಅಂತ ನಾವೇ ಲೆಕ್ಕ ಹಾಕಬೇಕಾಗಬಹುದು. ಸಾಮಾನ್ಯವಾಗಿ 2048ನೇ ಸೆಕ್ಟರ್, 512ರಿಂದ ಗುಣಿಸಿದರೆ 10,48,576 ಬೈಟ್. ಆ ಅಂಕಿಯನ್ನು ಆಫ್‌ಸೆಟ್ ಅಂತ ಕೊಟ್ಟು ಮೌಂಟ್ ಮಾಡುವ ಹಳೇ ಪದ್ಧತಿ ಈಗಲೂ ನಡೆಯುತ್ತದೆ.

ಪಿ2ವನ್ನು ಓದಲು ಮಾತ್ರ ಅಂತ ಮೌಂಟ್ ಮಾಡಲು ಹೋದರೆ ಆಗಲ್ಲ ಅಂತು. ಡಿಮೆಸೇಜ್ (ಕರ್ನಲ್ಲಿನ ಲಾಗ್) ನೋಡಿದೆ. ಜರ್ನಲ್ಲಿನಲ್ಲಿ ಬಾಕಿ ಕೆಲಸ ಇದೆ, ಬರೆಯಲು ಬಿಡುತ್ತಿಲ್ಲ, ಬೇಕಾದರೆ ನೋಲೋಡ್ ಕೊಟ್ಟು ನೋಡು ಅನ್ನುತ್ತಿತ್ತು. ಓದಲು ಮಾತ್ರ ಅಂದರೂ ಎಕ್ಸ್‌ಟಿ4 ಮೊದಲು ಜರ್ನಲ್ಲಿನ ಬಾಕಿ ತೀರಿಸುತ್ತದೆ, ಅದಕ್ಕೆ ಬರೆಯಬೇಕು. ನಮ್ಮ ಬ್ಯಾಕಪ್ ಓಡುತ್ತಿರುವ ಡಿಸ್ಕಿನಿಂದ ಎತ್ತಿದ್ದು, ಬಾಕಿ ಇದ್ದೇ ಇರುತ್ತದೆ.

ನೋಲೋಡ್ ಕೊಟ್ಟೆ, ಮೌಂಟ್ ಆಯಿತು, ಪಟ್ಟಿಯ ಫೈಲೂ ಕಂಡಿತು. ಎಷ್ಟೋ ಕಡೆ ಇಲ್ಲಿಗೇ ನಿಲ್ಲಿಸಿ ಅಂತ ಬರೆದಿರುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನೋಲೋಡ್ ಅಂದರೆ ಜರ್ನಲ್ಲಿನಲ್ಲಿ ಬರೆದದ್ದನ್ನು ಓದದೆ ಬಿಡುವುದು. ಒಂದು ಲಾಗ್ ಫೈಲ್ ನೋಡಬೇಕಾದರೆ ಸರಿ. ನಾಲ್ಕು ವರ್ಷದ ಕೆಲಸ ಎತ್ತಬೇಕಾದರೆ ಸಾಲದು. ಕಳಚಿ ಹಾಕಿ, ಕೆಮು-ಎನ್‌ಬಿಡಿಯನ್ನು -ಆರ್ ಬದಲು -ಎಸ್ ಕೊಟ್ಟು ಮತ್ತೆ ಶುರು ಮಾಡಿದೆ. -ಎಸ್ ಅಂದರೆ ಅದೇ ಟ್ರೇಸಿಂಗ್ ಕಾಗದ, ಈ ಸಲ ತಾತ್ಕಾಲಿಕ. ಬರೆದದ್ದು ಪಕ್ಕದ ಫೈಲಿಗೆ ಹೋಗಿ, ನಿಲ್ಲಿಸಿದಾಗ ಅಳಿಸಿಹೋಗುತ್ತದೆ. ಬ್ಯಾಕಪ್ಪಿನ ಒಂದು ಬೈಟೂ ಅಲುಗುವುದಿಲ್ಲ. ಈಗ ಮಾಮೂಲಿ ಮೌಂಟ್. ಜರ್ನಲ್ ತೀರಿತು, ರಿಕವರಿ ಕಂಪ್ಲೀಟ್ ಅಂತು. ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಬಳಸುವವರಿಗೆ ಇಲ್ಲೇ ಇನ್ನೊಂದು ತೊಡಕು ಬರುತ್ತದೆ. ಮೂಲ ಡಿಸ್ಕೂ ಮೌಂಟ್ ಆಗಿದ್ದರೆ ಎರಡಕ್ಕೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಅಂತ ತಳ್ಳುತ್ತದೆ, ನೋಯುಯುಐಡಿ ಅಂತ ಸೇರಿಸಬೇಕು.

ಪಟ್ಟಿಯ ಫೈಲಿನ ಪಕ್ಕ ವಾಲ್ ಫೈಲ್ (ಡೇಟಾಬೇಸಿಗೆ ಇನ್ನೂ ಸೇರದ ಬರಹ ಇರುವುದು) ಇರಲಿಲ್ಲ. ಸೈಟ್ ಸರಿಯಾಗಿ ಬಾಗಿಲು ಹಾಕಿಕೊಂಡ ಮೇಲೆಯೇ ನಕಲು ಎತ್ತಿದೆ ಅಂತ ಅದೇ ಗುರುತು. ಇಂಟೆಗ್ರಿಟಿ_ಚೆಕ್ ಕೇಳಿದೆ. ಒಂದೇ ಪದದ ಉತ್ತರ: ಓಕೆ. ಕೊನೆಯ ದಾಖಲೆ ಯಾವುದು ಅಂತ ಕೇಳಿದೆ. ಶನಿವಾರ ರಾತ್ರಿ 10.12. ಮೇಷ್ಟ್ರು ತುಂಬಿದ ಕೊನೆಯ ಲೇಖನ, ಪುಟ ಸಂಖ್ಯೆ ಸಮೇತ. ಆ ಸಾಲನ್ನು ಎರಡು ಸಲ ಓದಿದೆ.

ಆಮೇಲಿನದು ಬೇಗ ಆಯಿತು. ನಿಜವಾದ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದೆ. ಬ್ಯಾಕಪ್ಪಿನ ಜೊತೆ ಆರ್‌ಸಿಂಕ್ -ಎಎನ್‌ಸಿಐ ಇಂದ ತಾಳೆ ನೋಡಿದೆ. ಎನ್ ಇದ್ದರೆ ಏನೂ ನಕಲಿಸುವುದಿಲ್ಲ, ಐ ಇದ್ದರೆ ವ್ಯತ್ಯಾಸ ತೋರಿಸುತ್ತದೆ. ಹೋದ ಫೈಲುಗಳನ್ನೂ ಪಟ್ಟಿಯನ್ನೂ ತಂದು ಕೂರಿಸಿದೆ. ಕ್ರೂಟ್ ಮಾಡಿ (ಡಿಸ್ಕಿನಲ್ಲಿರುವ ಡೆಬಿಯನ್ ಒಳಗೆ ಹೊಕ್ಕು) ಡಿಪಿಕೆಜಿ --ವೆರಿಫೈ ಓಡಿಸಿ, ತಪ್ಪು ತೋರಿಸಿದ ಎರಡು ಪ್ಯಾಕೇಜ್ ಮತ್ತೆ ಹಾಕಿದೆ. ರೇಡ್ ಕಾರ್ಡನ್ನು ರೈಟ್-ಥ್ರೂಗೆ ತಿರುಗಿಸಿದೆ. ಮೌಂಟುಗಳನ್ನು ಕಳಚಿ, ಎನ್‌ಬಿಡಿ-ಕ್ಲೈಂಟ್ -ಡಿ ಎರಡಕ್ಕೂ ಕೊಟ್ಟು, ಐಡ್ರ್ಯಾಕ್‌ನಲ್ಲಿ "ರಿಮೋಟ್‌ಇಮೇಜ್ -ಡಿ" ಹೊಡೆದೆ. -ಎಸ್ ಕೇಳಿ ಡಿಸೇಬಲ್ಡ್ ಅಂತ ಕಣ್ಣಾರೆ ನೋಡಿದ ಮೇಲೆ ರೀಬೂಟ್.

3.52ಕ್ಕೆ ಸೈಟ್ ಎದ್ದಿತು. ಫೋನ್ ಮಾಡಿದೆ. ಮೇಷ್ಟ್ರು ಆ ಕಡೆಯಿಂದ ಮೌಸ್ ಒತ್ತುವ ಸದ್ದು ಕೇಳುತ್ತಿತ್ತು. "ಬಂತಪ್ಪಾ. ಪುಟ 34, ಇದೆ. ಆದರೆ ನಾನು ಲೇಖಕರ ಹೆಸರಲ್ಲಿ ಒಂದು ಒತ್ತು ಬಿಟ್ಟಿದ್ದೀನಿ, ಈಗ ತಿದ್ದಬಹುದಾ?"

"ತಿದ್ದಿ ಸರ್" ಅಂದೆ.

ಸೋಮವಾರ ಎಸ್‌ಪಿ ರಸ್ತೆಯಲ್ಲಿ ರೇಡ್ ಕಾರ್ಡಿಗೆ ಬ್ಯಾಟರಿ ಹೇಳಿ ಬಂದೆ. ಬುಧವಾರ ಹೆಸರು ಕೊಟ್ಟು ಹೂಡಿಗೆ ಹೋಗಿ, ಅದನ್ನು ಹಾಕಿ, ಸರ್ವರಿನ ಎರಡನೇ ಕೇಬಲನ್ನು ಇನ್ನೊಂದು ಪವರ್ ಪಟ್ಟಿಗೆ ಚುಚ್ಚಿದೆ. ರೆಸ್ಕ್ಯೂ ಐಎಸ್‌ಒ ಡಬ್ಬಿಯಲ್ಲೇ ಇದೆ, 644 ಅನುಮತಿಯಲ್ಲಿ. ಪ್ರತಿ ತಿಂಗಳ ಮೊದಲ ಶನಿವಾರ ಅದನ್ನು ಒಮ್ಮೆ ಜೋಡಿಸಿ, -ಎಸ್ ಕೇಳಿ, ಕಳಚುತ್ತೇನೆ.